ಗುಂಡ್ಲುಪೇಟೆಯ ‘ಡ್ಲು’

ಬಂಡೀಪುರದ ಕಾಡಂಚಿನ ಶಾಲೆಯ ಮೇಷ್ಟರೊಬ್ಬರು ಕೇಳಿದ್ದಾರೆ: ‘ಐದನೇ ಕ್ಲಾಸಿನ ಹುಡುಗ. ಮಾತು, ಲೆಕ್ಕ ಎರಡರಲ್ಲೂ ಚುರುಕು. ಓದು ಅಂದರೆ ತಡವರಿಸುತ್ತಾನೆ. ಮೊಬೈಲ್ ಕೈಲಿ ಪಾಠ ಓದಿಸಿ ಕೇಳಿಸಿದರೆ ಇನ್ನಷ್ಟು ಸೋಮಾರಿ ಆಗೋದಿಲ್ಲವೆ?’

ಉತ್ತರ ಅವರ ತಾಲೂಕಿನ ಹೆಸರಲ್ಲೇ ಇದೆ. ‘ಗುಂಡ್ಲುಪೇಟೆ’ ಎಂದು ಬರೆದು ಎರಡನೇ ಅಕ್ಷರವನ್ನು ದಿಟ್ಟಿಸಿ ನೋಡಿ. ಸಾಲಿನ ಮೇಲೆ ಕೊಂಬು ಹೊತ್ತ ಡ, ಕೆಳಗೆ ಲಕಾರದ ಒತ್ತು. ಕಣ್ಣಿಗೆ ಸಿಗುವ ಕ್ರಮ ಡ, ಉ, ಲ. ಬಾಯಿ ಹೇಳಬೇಕಾದದ್ದು ಡ್, ಲ್, ಉ. ಕೊಂಬು ಅಂಟಿಕೊಂಡಿರುವುದು ಡಕಾರಕ್ಕೆ, ಸ್ವರ ಮಾತ್ರ ಲಕಾರದ್ದು! ಗೋಪಾಲಸ್ವಾಮಿ ಬೆಟ್ಟದ ‘ಸ್ವಾ’ದಲ್ಲೂ ಇದೇ ಆಟ. ಅರ್ಕಾವೊತ್ತಂತೂ ಇನ್ನೂ ಕಿಲಾಡಿ: ‘ಸೂರ್ಯ’ದಲ್ಲಿ ಅದು ಕೂತಿರುವುದು ಯಕಾರದ ಬಲಕ್ಕೆ, ಉಚ್ಚಾರಣೆ ಯಕಾರಕ್ಕೂ ಮೊದಲು. ಓದು ಬಂದವರಿಗೆ ಈ ಕಸರತ್ತು ಕಾಣುವುದೇ ಇಲ್ಲ. (ಚಾಮರಾಜನಗರದ ಮಕ್ಕಳು ಪುಣ್ಯವಂತರು, ಊರಿನ ಹೆಸರಲ್ಲಿ ಒಂದೂ ಒತ್ತಿಲ್ಲ.)

ಇಂಥ ತಡವರಿಕೆಗೆ ಡಿಸ್ಲೆಕ್ಸಿಯಾ ಎಂಬ ಕಲಿಕಾ ನ್ಯೂನತೆಯೂ ಕಾರಣವಿರಬಹುದು. ಅದು ಇರುವವರಿಗೆ ಅಕ್ಷರ ತಿರುಗುಮುರುಗಾಗಿ ಕಾಣುತ್ತದೆ ಎಂಬುದು ಸಿನಿಮಾ ನೋಡಿ ಗಟ್ಟಿಯಾದ ನಂಬಿಕೆ. ತೊಡಕು ಹೆಚ್ಚಾಗಿ ಕಣ್ಣಿನದಲ್ಲ. ಮಾತಿನ ದನಿಗಳನ್ನು ಬಿಡಿಸಿ ಅಕ್ಷರಕ್ಕೆ ಜೋಡಿಸುವ ಮಿದುಳಿನ ಕೆಲಸದ್ದು. ಬುದ್ಧಿಮಟ್ಟಕ್ಕೂ ಇದಕ್ಕೂ ಸಂಬಂಧವಿಲ್ಲ. ಬಜೆ ತೇಯ್ದು ನಾಲಿಗೆಗೆ ಸವರುವುದು, ತಾಯಿತ ಕಟ್ಟಿಸುವುದು, ಶಿಕ್ಷೆಯೆಂದು ಕಾಗುಣಿತವನ್ನು ನೂರು ಸಲ ಬರೆಸುವುದು ಮೂರೂ ಒಂದೇ ಜಾತಿಯ ಮೌಢ್ಯ. ಮೂರನೆಯದರ ಪೂಜಾರಿಗಳು ಮಾತ್ರ ಬಿ.ಎಡ್. ಮಾಡಿದವರು.

ಈಗ ಮೊಬೈಲಿಗೆ ಬನ್ನಿ. ಯುನಿಕೋಡ್‌ನಲ್ಲಿ ‘ಗುಂಡ್ಲುಪೇಟೆ’ 11 ಸಂಕೇತಗಳ ಸಾಲು. ನಮ್ಮ ‘ಡ್ಲು’ ಅಲ್ಲಿ ಡ, ಹಲಂತ, ಲ, ಕೊಂಬು ಎಂದು ಉಚ್ಚಾರಣೆಯ ಕ್ರಮದಲ್ಲೇ ನಿಂತಿರುತ್ತದೆ. ಒತ್ತನ್ನು ಕೆಳಗಿಳಿಸಿ ಕೊಂಬನ್ನು ಡಕಾರಕ್ಕೆ ಸಿಕ್ಕಿಸುವುದು ಆಮೇಲೆ, ಫಾಂಟಿನ ಕೆಲಸ. ಹಾಗಾಗಿ ಮಗು ಎಡವುವ ಜಾಗದಲ್ಲಿ ಓದುವ ತಂತ್ರಾಂಶ ಎಡವುವುದಿಲ್ಲ. ಹಳೆಯ ನುಡಿ ಫಾಂಟಿನ ಕಡತ ಕೊಟ್ಟು ನೋಡಿ, ಅಸಂಬದ್ಧ ಬಡಬಡಿಸುತ್ತದೆ! ಅಲ್ಲಿರುವುದು ಆಕಾರಗಳ ಕ್ರಮ, ಅದೂ ಇಂಗ್ಲಿಷ್ ಅಕ್ಷರಗಳ ಸಂಕೇತದಲ್ಲಿ. ಯುನಿಕೋಡ್‌ಗೆ ಬದಲಿಸಿಕೊಂಡೇ ಓದಿಸಬೇಕು. ಅಚ್ಚಾದ ಪುಟದ ಫೋಟೊ ಓದುವ ತಂತ್ರಾಂಶದ್ದು ಮಗುವಿನ ಪಾಡೇ: ಯಾವ ಒತ್ತು, ಯಾವ ಕೊಂಬು ಯಾರದ್ದೆಂದು ಬಿಡಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಜಿ. ರಾಮಕೃಷ್ಣನ್ ಅವರ ತಂಡ ‘ಲಿಪಿಜ್ಞಾನಿ’ಯನ್ನು ಕಟ್ಟಿದ್ದು ಈ ಕೆಲಸಕ್ಕೇ.

ಕಾಡಂಚಿನಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಇ-ಸ್ಪೀಕ್ ಇದೆ. ಉಚಿತ, ಕೆಲವೇ ಎಂಬಿ, ಕನ್ನಡವನ್ನೂ ಓದುತ್ತದೆ. ದನಿ ಒರಟು, ಅಷ್ಟೆ. ಬರೆಯಲು ಒದ್ದಾಡುವವರಿಗೆ 2017ರಿಂದ ಗೂಗಲ್‌ನ ಕನ್ನಡ ಧ್ವನಿ ಬೆರಳಚ್ಚು ಲಭ್ಯ.

ಆದರೆ ತಡವರಿಸುವವರೆಲ್ಲ ಡಿಸ್ಲೆಕ್ಸಿಯಾದವರಲ್ಲ. ಕನ್ನಡದ ಅಕ್ಷರಗಳನ್ನು ಪೂರ್ತಿ ಕಲಿಯುವ ಕೆಲಸ ನಾಲ್ಕನೇ ತರಗತಿಯಲ್ಲೂ ನಡೆದೇ ಇರುತ್ತದೆ ಎಂದು ಸಂಶೋಧಕಿ ಸೊನಾಲಿ ನಾಗ್ 2007ರಲ್ಲೇ ತೋರಿಸಿದ್ದಾರೆ. ಮನೆಯಲ್ಲಿ ಸೋಲಿಗ ಅಥವಾ ಜೇನುಕುರುಬ ನುಡಿಯಾಡುವ ಮಗುವಿಗೆ ಪಠ್ಯದ ಕನ್ನಡವೇ ಹೊಸದು. ಅದು ಬೇರೆ ಸಮಸ್ಯೆ, ಅದಕ್ಕೆ ಬೇರೆ ಉಪಾಯ.

ಮೇಷ್ಟರೇ, ಸೋಮಾರಿತನದ ಚಿಂತೆ ಬಿಡಿ. ಕೇಳುತ್ತಾ ಅವನು ಸಾಲಿನ ಮೇಲೆ ಬೆರಳಾಡಿಸಲಿ. ಕನ್ನಡದಲ್ಲೇ ಡಿಸ್ಲೆಕ್ಸಿಯಾ ಗುರುತಿಸುವ ‘ಡಾಲಿ’ ಪರೀಕ್ಷೆ 2015ರಲ್ಲೇ ಬಂದಿದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯೂ ನಿಮಗೆ ದೂರವಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕಲಿಕಾ ನ್ಯೂನತೆಯನ್ನೂ ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿದೆ. ಪ್ರಮಾಣಪತ್ರವಿದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಕೇಳಬಹುದು. ಹತ್ತನೇ ಕ್ಲಾಸಿನ ತನಕ ಕಾಯಬೇಡಿ.