ಲಂಡನ್ನಿನ ವಾದ್ಯವೃಂದಕ್ಕೆ ಮೈಸೂರಿನ ನಾಲ್ಕು ಲಕ್ಷ

ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ. ಫಿಲ್ಹಾರ್ಮೋನಿಯಾ ವಾದ್ಯವೃಂದವನ್ನು 1945ರಲ್ಲಿ ಕಟ್ಟಿದ ವಾಲ್ಟರ್ ಲೆಗ್‌ಗೆ ಮೈಸೂರಿನ ಜಯಚಾಮರಾಜ ಒಡೆಯರು ಕೊಟ್ಟ ಮಾತು ಇದು. ಅದರ ಕಛೇರಿ ಸಂಘಕ್ಕೆ 1948ರಲ್ಲಿ ಅವರೇ ಮೊದಲ ಅಧ್ಯಕ್ಷರು. ಆಗ ಪೌಂಡಿಗೆ 13 ರೂಪಾಯಿ 5 ಆಣೆ 4 ಪೈ. ಅಂದರೆ ವರ್ಷಕ್ಕೆ 1,33,333 ರೂಪಾಯಿ, ಮೂರು ವರ್ಷಕ್ಕೆ ನಾಲ್ಕು ಲಕ್ಷ. ಬಳಿಕ ಮೈಸೂರು ಅರಸರಿಗೆ ನಿಗದಿಯಾದ ರಾಜಧನ ವರ್ಷಕ್ಕೆ 26 ಲಕ್ಷ. ಅದರಲ್ಲಿ ವರ್ಷದ ಈ ಕೊಡುಗೆ ಶೇ 5ರಷ್ಟು.

ದೊಡ್ಡ ಮೊತ್ತವೇ. ಆದರೆ ವಾದಕರ ತಲೆ ಎಣಿಸಿ ನೋಡಿ. ಪೂರ್ಣ ಪ್ರಮಾಣದ ಸಿಂಫನಿ ವೃಂದದಲ್ಲಿ ತಂತಿವಾದ್ಯಗಳೇ 60: ಪಿಟೀಲು 30, ವಿಯೋಲಾ 12, ಚೆಲ್ಲೋ 10, ಡಬಲ್ ಬಾಸ್ 8. ಊದುವವರು, ಬಾರಿಸುವವರು ಬೇರೆ. ಒಟ್ಟು 80 ಜನ ಅಂತಿಟ್ಟುಕೊಂಡರೂ ತಲೆಗೆ ವರ್ಷಕ್ಕೆ 125 ಪೌಂಡು, ನಮ್ಮ ಲೆಕ್ಕದಲ್ಲಿ ತಿಂಗಳಿಗೆ 139 ರೂಪಾಯಿ. ಇಷ್ಟರಲ್ಲಿ ಲಂಡನ್ನಿನಲ್ಲಿ ಸಂಸಾರ ನಡೆಯದು. ಫಿಲ್ಹಾರ್ಮೋನಿಯಾ ಹುಟ್ಟಿದ್ದೇ ಇಎಂಐ ಕಂಪನಿಯ ಧ್ವನಿಮುದ್ರಣಕ್ಕಾಗಿ. ವಾದಕರ ಹೊಟ್ಟೆಪಾಡು ನಡೆದದ್ದು ಆ ಕೂಲಿಯಿಂದ. ತಾಲೀಮಿಗೂ ಕಛೇರಿಗೂ ಬೀಳುವ ಖರ್ಚು ಟಿಕೆಟ್ಟಿನಿಂದ ಹುಟ್ಟುವುದಿಲ್ಲ. ಆ ಕೊರತೆ ತುಂಬಲು ಬೇಕಾಗಿತ್ತು ಮೈಸೂರಿನ ಹಣ.

ಗದಗಿನವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಅಂಧ, ಅನಾಥ ಮಕ್ಕಳಿಗೆ ಸಂಗೀತ ಕಲಿಸುವ ಅಲ್ಲಿನ ವೀರೇಶ್ವರ ಪುಣ್ಯಾಶ್ರಮ ಪಾಠದ ಜೊತೆಗೆ ದಿನದ ಎರಡು ಹೊತ್ತಿನ ಊಟವನ್ನೂ ಹೊಂದಿಸಬೇಕಿತ್ತು. ಅದಕ್ಕೇ ಆಶ್ರಮ ನಾಟಕ ಕಂಪನಿ ನಡೆಸಿತು, ಪುಟ್ಟರಾಜ ಗವಾಯಿಗಳು ನಾಟಕ ಬರೆದರು, ಭಕ್ತರು ಕಾಳುಕಡಿ ತಂದರು. ಹಾಡುವ ಒಂದು ತಾಸಿನ ಹಿಂದೆ ಉಣ್ಣುವ ಇಡೀ ವರ್ಷ ಇರುತ್ತದೆ. ಸಂಗೀತಕ್ಕೆ ದಾನ ಕೊಡುವವರು ಮೊದಲು ಕೇಳಬೇಕಾದ್ದು ಆ ವರ್ಷದ ಖರ್ಚನ್ನು.

ಒಡೆಯರ ಲೆಕ್ಕದಲ್ಲಿ ಇನ್ನೊಂದು ಅಂಕಿ 4,800 ಡಾಲರ್, ಆಗಿನ ಸುಮಾರು 22,850 ರೂಪಾಯಿ. ರಿಚರ್ಡ್ ಸ್ಟ್ರಾಸ್‌ರ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಸಲ ಕೇಳಿಸಿದ್ದು ಒಡೆಯರು ಕೊಟ್ಟ ಈ ಖಾತರಿಯಿಂದ. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್, ನಡೆಸಿದವರು ಫರ್ಟ್‌ವೆಂಗ್ಲರ್, ನುಡಿಸಿದ್ದು ಫಿಲ್ಹಾರ್ಮೋನಿಯಾ. ‘ಸೆಪ್ಟೆಂಬರ್’ ಎಂಬ ಹಾಡಿನ ಕೊನೆಗೆ ದನಿ ನಿಂತು, ಹಾರ್ನ್ ಒಂದೇ ಎದ್ದು ಬರುತ್ತದೆ. ಸ್ಟ್ರಾಸ್‌ರ ತಂದೆ ಹಾರ್ನ್ ವಾದಕರು. ಅರೆನಿಮಿಷದ ಆ ಉಸಿರಿಗೆ ಎಷ್ಟು ವರ್ಷದ ಸಾಧನೆ ಬೇಕೆಂಬುದು ಶಹನಾಯಿ ಹಿಡಿದವರಿಗೆ ಗೊತ್ತು.

ಒಡೆಯರು ಆ ಕಛೇರಿಯಲ್ಲಿರಲಿಲ್ಲ. ಅದರ ಧ್ವನಿಮುದ್ರಣ ಮೈಸೂರಿಗೆ ಬರಬೇಕೆಂಬುದೇ ಅವರ ಆಸೆ. ಅವರ ಸಂಗ್ರಹದಲ್ಲಿ ಆಗ ಸುಮಾರು 20,000 ಗ್ರಾಮಫೋನ್ ತಟ್ಟೆಗಳಿದ್ದವೆಂದು ಅಂದಾಜು. ಮಗ್ಗುಲಿಗೆ ನಾಲ್ಕು ನಿಮಿಷ ಹಿಡಿದರೂ 1,60,000 ನಿಮಿಷ. ಹಗಲು-ರಾತ್ರಿ ಬಿಡದೆ ಕೇಳಿದರೆ 111 ದಿನ.

1964ರಲ್ಲಿ ಲೆಗ್ ವಾದ್ಯವೃಂದವನ್ನು ನಿಲ್ಲಿಸಲು ಹೊರಟಾಗ ವಾದಕರು ಒಪ್ಪಲಿಲ್ಲ. ತಾವೇ ಆಡಳಿತ ಕೈಗೆತ್ತಿಕೊಂಡು ‘ನ್ಯೂ ಫಿಲ್ಹಾರ್ಮೋನಿಯಾ’ ಎಂದು ನುಡಿಸಿದರು. ಹಳೆಯ ಹೆಸರು 1977ರಲ್ಲಿ ಮರಳಿ ಬಂತು.