ಅಡ್ಯಾರಿಗೆ ಬಂದ ಐರಿಷ್ ಹೋರಾಟಗಾರ್ತಿ

ಮಾರ್ಗರೆಟ್ ಕಸಿನ್ಸ್ 1878ರ ನವೆಂಬರ್ 7ರಂದು ಐರ್ಲೆಂಡಿನ ಬಾಯ್ಲ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ತವರಿನ ಹೆಸರು ಗಿಲೆಸ್ಪಿ. ಡಬ್ಲಿನ್‌ನಲ್ಲಿ ಸಂಗೀತದಲ್ಲಿ ಪದವಿ ಪಡೆದು, 1903ರಲ್ಲಿ ಕವಿ ಜೇಮ್ಸ್ ಕಸಿನ್ಸ್ ಅವರ ಕೈಹಿಡಿದರು. ಗಂಡ ಹೆಂಡತಿ ಇಬ್ಬರೂ ಸಸ್ಯಾಹಾರಿಗಳು, ಎಲ್ಲ ಧರ್ಮಗಳಲ್ಲೂ ಒಂದೇ ಸತ್ಯವನ್ನು ಹುಡುಕುವ ಥಿಯಾಸಫಿಗೆ ಒಲಿದವರು. ಮುಂದೆ ಅವರನ್ನು ಭಾರತಕ್ಕೆ ಕರೆತಂದದ್ದು ಈ ಒಲವೇ.

ಆಗ ಐರ್ಲೆಂಡನ್ನು ಆಳುತ್ತಿದ್ದದ್ದು ಲಂಡನ್ನಿನ ಪಾರ್ಲಿಮೆಂಟು. ಅದಕ್ಕೆ ಓಟು ಹಾಕುವ ಹಕ್ಕು ಹೆಂಗಸರಿಗೆ ಇರಲಿಲ್ಲ. 1908ರಲ್ಲಿ ಮಾರ್ಗರೆಟ್ ತಮ್ಮ ಗೆಳತಿ ಹ್ಯಾನಾ ಶೀಹಿ ಸ್ಕೆಫಿಂಗ್ಟನ್ ಜೊತೆ ಸೇರಿ ಐರಿಷ್ ಮಹಿಳಾ ಮತಾಧಿಕಾರ ಲೀಗ್ ಕಟ್ಟಿದರು. ಊರೂರು ಸುತ್ತಿ ಭಾಷಣ ಮಾಡಿದರು. ಮನವಿಗಳಿಗೆ ಸರ್ಕಾರ ಕಿವಿಗೊಡದಿದ್ದಾಗ ಕಲ್ಲೆತ್ತಿಕೊಂಡರು. 1910ರಲ್ಲಿ ಲಂಡನ್ನಿನ ಹಾಲೊವೇ ಜೈಲಿನಲ್ಲಿ ಒಂದು ತಿಂಗಳು ಕಳೆದರು. 1913ರಲ್ಲಿ ಡಬ್ಲಿನ್ ಕೋಟೆಯ ಕಿಟಕಿ ಗಾಜು ಒಡೆದು ಟಲಮೋರ್ ಜೈಲು ಸೇರಿದರು. ತಮ್ಮನ್ನು ರಾಜಕೀಯ ಕೈದಿಗಳೆಂದು ಕಾಣಬೇಕೆಂದು ಅಲ್ಲಿ ಉಪವಾಸ ಕೂತರು.

ಅದೇ ವರ್ಷ ದಂಪತಿ ಐರ್ಲೆಂಡ್ ಬಿಟ್ಟು ಲಿವರ್‌ಪೂಲಿಗೆ ಹೋದರು. 1915ರಲ್ಲಿ ಭಾರತಕ್ಕೆ ಬಂದರು. ಜೇಮ್ಸ್ ಮೊದಲು ಥಿಯಾಸಫಿ ಸಂಘದ ಅಧ್ಯಕ್ಷೆ ಆ್ಯನಿ ಬೆಸೆಂಟರ ಪತ್ರಿಕೆಯಲ್ಲಿ ದುಡಿದು, ಬಳಿಕ ನಮ್ಮ ಕೋಲಾರದ ಗಡಿಯಾಚೆಗಿನ ಮದನಪಲ್ಲಿಯ ಕಾಲೇಜಿನಲ್ಲಿ ಮೇಷ್ಟರಾದರು. 1919ರಲ್ಲಿ ಅಲ್ಲಿಗೆ ಬಂದ ರವೀಂದ್ರನಾಥ ಟ್ಯಾಗೋರರು ‘ಜನಗಣಮನ’ ಹಾಡಿದಾಗ ಅದರ ಸ್ವರಲಿಪಿ ಬರೆದಿಟ್ಟವರು ಮಾರ್ಗರೆಟ್.

ಅವರ ದೊಡ್ಡ ಕೆಲಸ ಶುರುವಾದದ್ದು 1917ರಲ್ಲಿ. ಆ ವರ್ಷ ಥಿಯಾಸಫಿ ಸಂಘದ ನೆಲೆಯಾದ ಮದರಾಸಿನ ಅಡ್ಯಾರಿನಲ್ಲಿ ಭಾರತೀಯ ಮಹಿಳಾ ಸಂಘ ಹುಟ್ಟಿತು. ಬೆಸೆಂಟ್ ಅಧ್ಯಕ್ಷರು, ಡೊರೊತಿ ಜಿನರಾಜದಾಸ ಮತ್ತು ಮಾರ್ಗರೆಟ್ ಅದನ್ನು ಕಟ್ಟಿ ಬೆಳೆಸಿದವರು. ಆಡಳಿತ ಸುಧಾರಣೆಯ ಬಗ್ಗೆ ಜನಾಭಿಪ್ರಾಯ ಕೇಳಲು ಭಾರತ ಮಂತ್ರಿ ಮಾಂಟೆಗು ಬರುವ ಸುದ್ದಿ ತಿಳಿದಾಗ, ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಮಾತಾಡಲು ಮಾರ್ಗರೆಟ್ ಸಮಯ ಕೇಳಿದರು. ರಾಜಕೀಯ ವಿಷಯಗಳಿಗೆ ಮಾತ್ರ ಭೇಟಿ ಎಂಬ ಉತ್ತರ ಬಂತು. ಹಾಗಾದರೆ ರಾಜಕೀಯವನ್ನೇ ಕೇಳೋಣವೆಂದು ಅವರು ಮನವಿಯಲ್ಲಿ ಓಟಿನ ಬೇಡಿಕೆಯನ್ನು ಮುಂದಿಟ್ಟರು. ಬಾಗಿಲು ಹಾಕಲು ಹೇಳಿದ ಮಾತೇ ದಾರಿ ತೋರಿಸಿತು. ಡಿಸೆಂಬರ್ 18ರಂದು ಮದರಾಸಿನಲ್ಲಿ ಸರೋಜಿನಿ ನಾಯ್ಡು ನೇತೃತ್ವದ ನಿಯೋಗ ಮಾಂಟೆಗುವನ್ನು ಕಂಡಿತು. ಹೊಸ ಕಾನೂನಿನಲ್ಲಿ ‘ಜನ’ ಎಂದರೆ ಹೆಂಗಸರೂ ಸೇರಬೇಕು, ಗಂಡಸರಿಗಿರುವ ಷರತ್ತಿನ ಮೇಲೆಯೇ ಅವರಿಗೂ ಓಟು ಸಿಗಬೇಕು ಎಂಬುದು ಅವರ ಕೋರಿಕೆ. ಕೇಳಿದ್ದು ದಯೆಯಲ್ಲ, ಸಮಾನ ನಿಯಮ. ಮನವಿಯ ಬಲ ಇದ್ದದ್ದು ಅಲ್ಲೇ.

1919ರ ಕಾಯಿದೆ ಆ ಹಕ್ಕನ್ನು ನೇರವಾಗಿ ಕೊಡಲಿಲ್ಲ, ತೀರ್ಮಾನವನ್ನು ಪ್ರಾಂತ್ಯಗಳ ಶಾಸನ ಸಭೆಗಳಿಗೆ ಬಿಟ್ಟಿತು. ಸಂಘದ ಹೆಂಗಸರು ಪಟ್ಟು ಬಿಡಲಿಲ್ಲ. 1921ರಲ್ಲಿ ಮದರಾಸು ಪ್ರಾಂತ್ಯ ಲಿಂಗಭೇದದ ಅಡ್ಡಿಯನ್ನು ತೆಗೆಯಿತು. ಮುಂಬಯಿಯೂ ಅದೇ ದಾರಿ ಹಿಡಿಯಿತು. ಆದರೂ ಆಸ್ತಿಯ ಷರತ್ತು ಉಳಿದಿದ್ದರಿಂದ ಓಟು ದಕ್ಕಿದ್ದು ಕೆಲವರಿಗಷ್ಟೇ. ಹೆಂಗಸರು ಚುನಾವಣೆಗೆ ನಿಲ್ಲಬಹುದೆಂದಾಗ 1926ರಲ್ಲಿ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯರನ್ನು ಮದರಾಸು ಶಾಸನ ಸಭೆಗೆ ಸ್ಪರ್ಧಿಸಲು ಹುರಿದುಂಬಿಸಿದವರೂ ಮಾರ್ಗರೆಟ್ಟೇ. ಕಮಲಾದೇವಿ ಸೋತರು, ಆದರೆ ಕೂದಲೆಳೆಯಷ್ಟು ಅಂತರದಲ್ಲಿ.

ಭಾರತದಲ್ಲಿ ಮ್ಯಾಜಿಸ್ಟ್ರೇಟ್ ಆದ ಮೊದಲ ಮಹಿಳೆ ಎಂಬ ಗೌರವವೂ ಅವರಿಗೆ ಸಂದಿತು. ಮಹಿಳಾ ಶಿಕ್ಷಣದ ಬಗ್ಗೆ ದೇಶದ ಉದ್ದಗಲಕ್ಕೂ ಅವರು ಬರೆದ ಪತ್ರಗಳ ಫಲವಾಗಿ 1927ರ ಜನವರಿಯಲ್ಲಿ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಸೇರಿತು. 1917ರಲ್ಲಿ ಮಾಂಟೆಗು ಕೇಳಲೊಲ್ಲದ ವಿಷಯಕ್ಕೆ ಹೀಗೆ ಬೇರೊಂದು ವೇದಿಕೆ ಒದಗಿತು. 1932ರಲ್ಲಿ ಬ್ರಿಟಿಷರ ಸುಗ್ರೀವಾಜ್ಞೆಗಳನ್ನು ವಿರೋಧಿಸಿ ಮಾತಾಡಿದ್ದಕ್ಕೆ ಮೂರನೆಯ ಬಾರಿ ಜೈಲು ಕಂಡರು.

1940ರ ದಶಕದಲ್ಲಿ ಪಾರ್ಶ್ವವಾಯು ಬಡಿದು ಅವರ ಓಡಾಟ ನಿಂತಿತು. 1950ರಲ್ಲಿ ಪತಿಯೊಂದಿಗೆ ಬರೆದ ಆತ್ಮಕಥೆ ‘ವಿ ಟು ಟುಗೆದರ್’ ಅಚ್ಚಾಯಿತು. ವಯಸ್ಕರೆಲ್ಲರಿಗೂ ಓಟು ಕೊಟ್ಟ ಮೊದಲ ಮಹಾಚುನಾವಣೆ ಮುಗಿದದ್ದು 1952ರಲ್ಲಿ. ಅದಾಗಿ ಎರಡು ವರ್ಷಕ್ಕೆ, 1954ರ ಮಾರ್ಚ್ 11ರಂದು, ಮಾರ್ಗರೆಟ್ ತೀರಿಕೊಂಡರು.