ದಂಗ್‌ದುತ್: ಆಧುನಿಕ ಇಂಡೊನೇಷ್ಯದ ಒಂದು ಜನಪ್ರಿಯ ಗೀತಪ್ರಕಾರ

ಆಗ್ನೇಯ ಏಷ್ಯದ ಇತಿಹಾಸವನ್ನು ಅಭ್ಯಾಸಮಾಡುವ ನಮ್ಮ ವಿದ್ಯಾರ್ಥಿಗಳ ದೃಷ್ಟಿಯು ಸಾಮಾನ್ಯವಾಗಿ ಶ್ರೀವಿಜಯ, ಮಜಪಹಿತ್ ರಾಜ್ಯಗಳಲ್ಲಿಯೂ ಬೊರೊಬುದೂರಿನ ಸ್ತೂಪದಲ್ಲಿಯೂ ನಿಂತುಬಿಡುತ್ತದೆ. ಭಾರತಕ್ಕೂ ಆ ದ್ವೀಪಗಳಿಗೂ ಇದ್ದ ಸಾಂಸ್ಕೃತಿಕ ಸಂಬಂಧವು ಅಲ್ಲಿಗೇ ಮುಗಿಯಿತೆಂಬ ಭಾವನೆ ಇದರಿಂದ ಬೆಳೆಯುವುದು ಸಹಜ. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಈ ಸಂಬಂಧವು ಚಲಚ್ಚಿತ್ರವೆಂಬ ಹೊಸದೊಂದು ಮಾರ್ಗದಿಂದ ಮತ್ತೆ ಏರ್ಪಟ್ಟಿತು. ಅದರ ಪ್ರಭಾವದಿಂದ ರೂಪುಗೊಂಡ ‘ದಂಗ್‌ದುತ್’ ಎಂಬ ಗೀತಪ್ರಕಾರವು ಇಂಡೊನೇಷ್ಯದ ಜನಸಾಮಾನ್ಯರ ಮನೋರಂಜನೆಯಲ್ಲಿ ಹಿರಿದಾದ ಸ್ಥಾನವನ್ನು ಪಡೆದಿದೆ. ಅದರ ಬೆಳವಣಿಗೆಯನ್ನು ವಿವರಿಸಿ, ಇಂತಹ ಸಂಗೀತವು ಇತಿಹಾಸಕಾರನಿಗೆ ಯಾವ ಬಗೆಯ ಸಾಕ್ಷ್ಯವನ್ನು ಒದಗಿಸಬಲ್ಲುದೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ದಂಗ್‌ದುತ್ತಿನ ಮೂಲವನ್ನು ‘ಓರ್ಕೆಸ್ ಮೆಲಾಯು’ ಎಂದು ಕರೆಯಲ್ಪಡುತ್ತಿದ್ದ ಮಲಾಯಿ ವಾದ್ಯಮೇಳಗಳಲ್ಲಿ ಹುಡುಕಬೇಕು. ಪಿಟೀಲು, ಅಕಾರ್ಡಿಯನ್, ಕೊಳಲು, ಚರ್ಮವಾದ್ಯಗಳನ್ನೊಳಗೊಂಡ ಈ ಮೇಳಗಳು ಸುಮಾತ್ರದಲ್ಲಿಯೂ ಜಕಾರ್ತದಲ್ಲಿಯೂ ಜನಾದರಣೆಯನ್ನು ಪಡೆದಿದ್ದುವು. ೧೯೫೦ರ ದಶಕದಲ್ಲಿ ಹಿಂದೀ ಚಲಚ್ಚಿತ್ರಗಳು ಇಂಡೊನೇಷ್ಯದ ನಗರಗಳಿಗೆ ಹೇರಳವಾಗಿ ಬಂದುವು. ಮೇಳದವರು ಅವುಗಳ ಧಾಟಿಗಳನ್ನು ಗ್ರಹಿಸಿ, ತಮ್ಮ ಭಾಷೆಯ ಮಾತುಗಳನ್ನು ಅವಕ್ಕೆ ಹೊಂದಿಸಿದರು. ತಬಲೆಯ ನುಡಿಯನ್ನು ತಮ್ಮ ‘ಗೆಂಡಾಂಗ್’ ವಾದ್ಯಕ್ಕೆ ಅಳವಡಿಸಿದರು. ಹುಸೇನ್ ಬವಾಫಿಯವರು ರಚಿಸಿ ಎಲ್ಯಾ ಖದಮ್ ಅವರು ಹಾಡಿದ ‘ಬೊನೇಕಾ ದಾರಿ ಇಂಡಿಯಾ’ ಎಂಬ ಗೀತೆಯು ಆ ಕಾಲದ್ದು. ‘ಭಾರತದಿಂದ ಬಂದ ಬೊಂಬೆ’ ಎಂಬ ಅದರ ಹೆಸರೇ ಈ ಪ್ರಭಾವಕ್ಕೆ ಸಾಕ್ಷಿಯಾಗಿದೆ.

ಈ ಪ್ರಭಾವವನ್ನು ಎಲ್ಲರೂ ಸ್ವಾಗತಿಸಿದರೆಂದು ತಿಳಿಯಬಾರದು. ಉಸ್ಮಾರ್ ಇಸ್ಮಾಯಿಲರು ೧೯೫೦ರಲ್ಲಿ ‘ಪರ್ಫಿನಿ’ ಎಂಬ ಚಿತ್ರಸಂಸ್ಥೆಯನ್ನು ಸ್ಥಾಪಿಸಿ, ರಾಷ್ಟ್ರೀಯ ಚಿತ್ರೋದ್ಯಮಕ್ಕೆ ತಳಹದಿಯನ್ನು ಹಾಕಿದ್ದರು. ಅಂತಹವರ ಚಿತ್ರಗಳಿಗೆ ಆಮದಾದ ಚಿತ್ರಗಳೊಡನೆ ಸ್ಪರ್ಧಿಸುವುದು ಕಷ್ಟವಾಯಿತು. ೧೯೫೭ರಲ್ಲಿ ನಿರ್ಮಾಪಕರು ಸರ್ಕಾರದ ರಕ್ಷಣೆ ಸಾಲದೆಂದು ತಮ್ಮ ಸ್ಟುಡಿಯೋಗಳನ್ನು ಮುಚ್ಚಿ ಪ್ರತಿಭಟಿಸಿದರು. ಹೀಗೆ, ಪ್ರೇಕ್ಷಕನಿಗೆ ಪ್ರಿಯವಾದುದೇ ನಿರ್ಮಾಪಕನಿಗೆ ಕಂಟಕವಾಯಿತು.

ಸುಕರ್ಣೋ ಅವರ ಸರ್ಕಾರಕ್ಕೆ ಇದಕ್ಕಿಂತ ಭಿನ್ನವಾದ ಆತಂಕವೊಂದಿತ್ತು. ೧೯೫೯ರ ಸ್ವಾತಂತ್ರ್ಯದಿನದ ಭಾಷಣದಲ್ಲಿ ಅವರು ಪಾಶ್ಚಾತ್ಯ ರಾಕ್ ಸಂಗೀತವನ್ನು ಖಂಡಿಸಿದರು. ಅದೇ ವರ್ಷ ಸರ್ಕಾರಿ ರೇಡಿಯೋ ಅದರ ಪ್ರಸಾರವನ್ನು ನಿಲ್ಲಿಸಿತು. ೧೯೬೫ರ ಜೂನ್ ತಿಂಗಳಲ್ಲಿ, ಬೀಟಲ್ಸ್ ತಂಡದ ಮಾದರಿಯಲ್ಲಿ ಹಾಡುತ್ತಿದ್ದ ‘ಕೂಸ್ ಬರ್ಸೌದಾರ’ ಎಂಬ ಸೋದರರ ತಂಡವನ್ನು ಜಕಾರ್ತದ ಗ್ಲೊಡೊಕ್ ಸೆರೆಮನೆಯಲ್ಲಿಡಲಾಯಿತು. ಅವರು ಬಿಡುಗಡೆಯಾದದ್ದು ಸೆಪ್ಟೆಂಬರ್ ೨೯ರಂದು. ಮರುದಿನದ ರಾತ್ರಿ ಆರಂಭವಾದ ಘಟನೆಗಳೇ ಕಡೆಗೆ ಸುಕರ್ಣೋ ಅವರ ಪತನಕ್ಕೆ ಕಾರಣವಾದುವು. ಗಿಟಾರಿನ ನಾದವನ್ನು ರಾಜ್ಯವು ಎಷ್ಟು ಗಂಭೀರವಾಗಿ ಪರಿಗಣಿಸಿತ್ತೆಂಬುದು ಇದರಿಂದ ವೇದ್ಯವಾಗುತ್ತದೆ.

ಸುಹಾರ್ತೋ ಅವರ ಆಳ್ವಿಕೆಯಲ್ಲಿ ಪಾಶ್ಚಾತ್ಯ ಸಂಗೀತಕ್ಕೆ ಬಾಗಿಲು ತೆರೆಯಿತು. ನಗರಗಳ ವಿದ್ಯಾವಂತ ಯುವಕರು ರಾಕ್ ಸಂಗೀತಕ್ಕೆ ಮರುಳಾಗಿ, ಮಲಾಯಿ ಮೇಳವನ್ನು ಹಳ್ಳಿಗರ ಹಾಡೆಂದು ಕಡೆಗಣಿಸಿದರು. ‘ದಂಗ್‌ದುತ್’ ಎಂಬುದು ಗೆಂಡಾಂಗಿನ ಪೆಟ್ಟಿನ ಅನುಕರಣಶಬ್ದ; ೧೯೭೦ರ ದಶಕದ ಆರಂಭದಲ್ಲಿ ಅದು ಬಳಕೆಗೆ ಬಂದದ್ದು ಹಾಸ್ಯಕ್ಕಾಗಿ. ತಾಸಿಕ್‌ಮಲಾಯದಲ್ಲಿ ೧೯೪೬ರಲ್ಲಿ ಜನಿಸಿದ ರೋಮಾ ಇರಾಮ ಎಂಬ ಗಾಯಕರು ಆ ನಿಂದೆಯ ಮಾತನ್ನೇ ತಮ್ಮ ಹಾಡಿನಲ್ಲಿ ಹೆಮ್ಮೆಯಿಂದ ಬಳಸಿದರು. ತಮ್ಮ ‘ಸೊನೇತಾ’ ತಂಡದಲ್ಲಿ ಅವರು ಗೆಂಡಾಂಗ್, ಕೊಳಲುಗಳ ಜೊತೆಗೆ ವಿದ್ಯುತ್ ಗಿಟಾರನ್ನು ಸೇರಿಸಿದರು. ಇಂಗ್ಲೆಂಡಿನ ‘ಡೀಪ್ ಪರ್ಪಲ್’ ತಂಡದ ಶೈಲಿಯನ್ನೂ ಹದವರಿತು ಬೆರಸಿದರು. ಧರ್ಮಬೋಧೆ, ಬಡವ-ಬಲ್ಲಿದರ ಅಂತರ, ಮಾನವನ ಹಕ್ಕುಗಳು ಇವೆಲ್ಲವೂ ಅವರ ಗೀತೆಗಳಿಗೆ ವಸ್ತುವಾದುವು. ಅವರ ೧೯೮೪ರ ಚಲಚ್ಚಿತ್ರವೊಂದರ ಹೆಸರು ‘ಸತ್ರಿಯ ಬರ್‌ಗಿತಾರ್’, ಎಂದರೆ ‘ಗಿಟಾರ್ ಹಿಡಿದ ಕ್ಷತ್ರಿಯ’. ನಮಗೆ ಪರಿಚಿತವಾದ ಸಂಸ್ಕೃತ ಪದವೊಂದು, ಮುಸ್ಲಿಂ ಧರ್ಮಬೋಧಕ ಗಾಯಕರೊಬ್ಬರ ಬಿರುದಾಗಿ, ಪಾಶ್ಚಾತ್ಯ ವಾದ್ಯದೊಡನೆ ಕೂಡಿರುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ರೋಮಾ ಇರಾಮರು ೧೯೭೭ರ ಚುನಾವಣೆಯಲ್ಲಿ ಆಳುವ ಗೊಲ್ಕಾರ್ ಸಂಘಟನೆಯನ್ನು ವಿರೋಧಿಸಿ, ಇಸ್ಲಾಮೀ ಪಕ್ಷವಾದ ಪಿ.ಪಿ.ಪಿ.ಯ ಪರವಾಗಿ ಹಾಡಿದರು. ಪರಿಣಾಮವಾಗಿ ಸುಮಾರು ಹನ್ನೊಂದು ವರ್ಷಗಳವರೆಗೆ ಸರ್ಕಾರಿ ದೂರದರ್ಶನದಲ್ಲಿ ಅವರಿಗೆ ಅವಕಾಶ ದೊರೆಯಲಿಲ್ಲ. ಆದರೂ ಅವರ ಕೀರ್ತಿಗೆ ಕುಂದುಂಟಾಗಲಿಲ್ಲ. ಅಗ್ಗದ ಕ್ಯಾಸೆಟ್ಟು ಹಳ್ಳಿಹಳ್ಳಿಗೂ ತಲಪುತ್ತಿದ್ದುದೂ, ಚಿತ್ರಮಂದಿರದ ಬಾಗಿಲು ತೆರೆದಿದ್ದುದೂ ಇದಕ್ಕೆ ಕಾರಣ. ೧೯೮೯ರಿಂದ ಖಾಸಗಿ ದೂರದರ್ಶನ ಕೇಂದ್ರಗಳು ಆರಂಭವಾದ ಮೇಲೆ ದಂಗ್‌ದುತ್ ಮಧ್ಯಮವರ್ಗದವರ ಮನೆಗಳನ್ನೂ ಪ್ರವೇಶಿಸಿತು. ೧೯೯೭ರ ವೇಳೆಗೆ ರೋಮಾ ಇರಾಮರೇ ಗೊಲ್ಕಾರನ್ನು ಸೇರಿದ್ದರು. ನಿಷೇಧದಿಂದ ಕೈಗೂಡದ ಕಾರ್ಯವನ್ನು ರಾಜ್ಯವು ಆದರದಿಂದ ಸಾಧಿಸಿತೆನ್ನಬಹುದು.

ಸುಹಾರ್ತೋ ಅವರು ೧೯೯೮ರಲ್ಲಿ ಅಧಿಕಾರವನ್ನು ತ್ಯಜಿಸಿದ ಮೇಲೆ ವಿವಾದದ ಸ್ವರೂಪವು ಬದಲಾಯಿತು. ೨೦೦೩ರಲ್ಲಿ ಪೂರ್ವ ಜಾವದ ಇನುಲ್ ದಾರತಿಸ್ತಾ ಎಂಬ ಗಾಯಕಿಯ ನೃತ್ಯವನ್ನು ಅಶ್ಲೀಲವೆಂದು ಖಂಡಿಸಿದವರಲ್ಲಿ ರೋಮಾ ಇರಾಮರೇ ಪ್ರಮುಖರು. ಆಕೆಯನ್ನು ಬೆಂಬಲಿಸಿದವರಲ್ಲಿ ಮಾಜಿ ಅಧ್ಯಕ್ಷರೂ ಧಾರ್ಮಿಕ ನಾಯಕರೂ ಆದ ಅಬ್ದುರ್ರಹಮಾನ್ ವಾಹಿದರು ಒಬ್ಬರು. ಒಮ್ಮೆ ನಿರ್ಬಂಧಕ್ಕೆ ಒಳಗಾದವರೇ ಮತ್ತೊಬ್ಬರ ಮೇಲೆ ನಿರ್ಬಂಧವನ್ನು ಬಯಸಿದುದು ವಿಚಾರಾರ್ಹವಾದ ಸಂಗತಿ. ಈ ಚರ್ಚೆಯ ಪ್ರತಿಧ್ವನಿಯು ೨೦೦೮ರ ಅಶ್ಲೀಲತಾ ವಿರೋಧಿ ಕಾನೂನಿನ ಸುತ್ತಣ ವಾದಗಳಲ್ಲಿಯೂ ಕೇಳಿಬಂದಿತು. ೨೦೧೮ರಲ್ಲಿ ಜಕಾರ್ತದಲ್ಲಿ ನಡೆದ ಏಷ್ಯನ್ ಕ್ರೀಡೆಗಳ ಉದ್ಘಾಟನೆಯಲ್ಲಿ ದಂಗ್‌ದುತ್ ಗಾಯಕಿ ವಿಯಾ ವಾಲೆನ್ ಅವರು ಅಧಿಕೃತ ಗೀತೆಯನ್ನು ಹಾಡಿದರು. ಹಳ್ಳಿಗರದೆಂದು ಹಳಿಯಲ್ಪಟ್ಟ ಸಂಗೀತವು ಹೀಗೆ ರಾಷ್ಟ್ರದ ಪ್ರತಿನಿಧಿಯಾಗಿ ನಿಂತಿತು.

ಮೇಲಿನ ವಿವರಣೆಯಿಂದ ಎರಡು ನಿರ್ಣಯಗಳಿಗೆ ನಾವು ಬರಬಹುದು. ಮೊದಲನೆಯದಾಗಿ, ಒಂದು ಕಲೆಯ ಧಾಟಿ ಎಲ್ಲಿಂದ ಬಂದಿತೆಂಬುದರಿಂದ ಮಾತ್ರವೇ ಅದು ಯಾರದೆಂದು ತೀರ್ಮಾನಿಸಲಾಗದು. ದಂಗ್‌ದುತ್ತಿನಲ್ಲಿ ಭಾರತದ ಅಂಶವಿರುವುದು ನಿಜ. ಆದರೆ ಅದನ್ನು ಆಯ್ದವರೂ ತಿದ್ದಿದವರೂ ಉಳಿಸಿದವರೂ ಇಂಡೊನೇಷ್ಯದ ಜನರು. ಆದಕಾರಣ ಅದನ್ನು ನಮ್ಮ ಸಂಸ್ಕೃತಿಯ ವಿಸ್ತರಣೆಯೆಂದು ಹೆಮ್ಮೆಪಡುವುದು ಇತಿಹಾಸಕಾರನಿಗೆ ತಕ್ಕುದಲ್ಲ. ಎರಡನೆಯದಾಗಿ, ಆಳುವವರು ಯಾವ ಹಾಡನ್ನು ತಡೆದರು, ಯಾವುದನ್ನು ಓಲೈಸಿದರು ಎಂಬುದನ್ನು ಕಾಲಾನುಕ್ರಮವಾಗಿ ಜೋಡಿಸಿ ನೋಡಿದರೆ, ಅವರು ಯಾವಾಗ ಯಾರಿಗೆ ಅಂಜುತ್ತಿದ್ದರೆಂಬುದು ತಿಳಿಯುತ್ತದೆ. ಶಾಸನಗಳನ್ನೂ ದಫ್ತರಗಳನ್ನೂ ಶ್ರದ್ಧೆಯಿಂದ ಓದುವ ನಮ್ಮ ವಿದ್ಯಾರ್ಥಿಗಳು ಕ್ಯಾಸೆಟ್ಟುಗಳನ್ನೂ ಚಲಚ್ಚಿತ್ರಗಳನ್ನೂ ಅದೇ ಶ್ರದ್ಧೆಯಿಂದ ಪರಿಶೀಲಿಸುವುದಾದರೆ, ಆಗ್ನೇಯ ಏಷ್ಯದ ಅಧ್ಯಯನವು ಬೊರೊಬುದೂರನ್ನು ದಾಟಿ ಮುನ್ನಡೆಯಲು ಸಾಧ್ಯವಾದೀತು.